ಬಿಸಾಡುವ ಪ್ಯಾಡಿನಿಂದ ಬಟ್ಟೆ ಪ್ಯಾಡ್ ಮತ್ತು ಮುಟ್ಟಿನ ಕಪ್‌ಗೆ: ಬದಲಾಗುವವರಿಗೊಂದು ಕೈಪಿಡಿ

ಒಮ್ಮೆ ಬಳಸಿ ಎಸೆಯುವ ಪ್ಯಾಡನ್ನು ಬಿಟ್ಟು, ತೊಳೆದು ಮತ್ತೆ ಬಳಸಬಹುದಾದ ಬಟ್ಟೆ ಪ್ಯಾಡನ್ನೋ, ಯೋನಿಯೊಳಗೆ ಇರಿಸಿಕೊಂಡು ರಕ್ತವನ್ನು ಹಿಡಿಯುವ ಮುಟ್ಟಿನ ಕಪ್‌ ಅನ್ನೋ ರೂಢಿ ಮಾಡಿಕೊಳ್ಳಬೇಕೆಂದು ಯೋಚಿಸುವವರು ಬಹುಮಟ್ಟಿಗೆ ಮೊದಲು ವಿಚಾರಿಸುವುದು ಯಾವ ಕಂಪನಿಯದು ಒಳ್ಳೆಯದು, ಬೆಲೆ ಎಷ್ಟು ಎಂದು. ಆದರೆ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ. ತೊಳೆದ ಬಟ್ಟೆಯನ್ನು ಬಿಸಿಲಿಗೆ ಹಾಕಲು ನಿಮಗೆ ಜಾಗವಿದೆಯೇ? ಬಚ್ಚಲಲ್ಲಿ ಹತ್ತು ನಿಮಿಷ ಯಾರ ಅವಸರವೂ ಇಲ್ಲದೆ ಇರಲು ಸಾಧ್ಯವೇ? ದಿನಕ್ಕೆ ಎಷ್ಟು ನೀರು ಸಿಗುತ್ತದೆ? ಕೆಲಸಕ್ಕೋ ಕಾಲೇಜಿಗೋ ಹೋದಾಗ ಎಷ್ಟು ಗಂಟೆ ಶೌಚಾಲಯವಿಲ್ಲದೆ ಇರಬೇಕಾಗುತ್ತದೆ? ಈ ನಾಲ್ಕಕ್ಕೆ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಯಾವುದನ್ನು ಆರಿಸಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಬಟ್ಟೆ ನಮಗೆ ಹೊಸದಲ್ಲ. ಹಳೆಯ ಹತ್ತಿ ಸೀರೆ, ಪಂಚೆ, ಲಂಗಗಳನ್ನು ಹರಿದು ಮಡಿಸಿ ಬಳಸಿದ ತಲೆಮಾರುಗಳು ಪ್ರತಿ ಮನೆಯಲ್ಲೂ ಇದ್ದವು, ಈಗಲೂ ಇವೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು 64% ಮಂದಿ ಪ್ಯಾಡ್ ಬಳಸುತ್ತಾರೆ, ಸುಮಾರು 50% ಮಂದಿ ಬಟ್ಟೆಯನ್ನೂ ಬಳಸುತ್ತಾರೆ. ಎಷ್ಟೋ ಮಂದಿ ಎರಡನ್ನೂ ಬಳಸುವುದರಿಂದ ಒಟ್ಟು ನೂರನ್ನು ಮೀರುತ್ತದೆ. ಆ ಸಮೀಕ್ಷೆಯಲ್ಲಿ ಬರಿಯ ಬಟ್ಟೆಯನ್ನು ಶುಚಿಯಾದ ವಿಧಾನಗಳ ಸಾಲಿಗೆ ಸೇರಿಸಿಲ್ಲ. ಅದಕ್ಕೆ ಕಾರಣವೂ ಇದೆ: ಒಗೆದ ಮುಟ್ಟಿನ ಬಟ್ಟೆಯನ್ನು ಗಂಡಸರ ಕಣ್ಣಿಗೆ ಬೀಳಬಾರದೆಂದು ಮಂಚದ ಕೆಳಗೆ, ಸೌದೆಯ ಸಂದಿಯಲ್ಲಿ, ಒದ್ದೆ ಲಂಗದ ಒಳಮಗ್ಗುಲಲ್ಲಿ ಒಣಗಿಸುವ ಪದ್ಧತಿ. ಅರೆಬರೆ ಒಣಗಿದ ಬಟ್ಟೆಯಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅದನ್ನೇ ಮತ್ತೆ ಧರಿಸಿದಾಗ ತುರಿಕೆ, ಬಿಳಿಮುಟ್ಟು, ಸೋಂಕು ಕಾಣಿಸಿಕೊಳ್ಳುತ್ತವೆ. ಕೆಡುಕು ಇದ್ದದ್ದು ಬಟ್ಟೆಯಲ್ಲಲ್ಲ, ಅದನ್ನು ಬಚ್ಚಿಡಬೇಕಾಗಿ ಬಂದ ಕತ್ತಲಲ್ಲಿ. ಇಂದು ಎಷ್ಟೇ ದುಬಾರಿಯ ಬಟ್ಟೆ ಪ್ಯಾಡ್ ಕೊಂಡರೂ ಅದನ್ನು ಕತ್ತಲಲ್ಲೇ ಒಣಗಿಸಿದರೆ ಫಲ ಅದೇ. ಆದ್ದರಿಂದ ಈ ಬದಲಾವಣೆಯ ಮೊದಲ ಕೆಲಸ ಒಂದು ಹಗ್ಗ ಕಟ್ಟುವುದು, ಕೊಳ್ಳುವುದು ಆಮೇಲೆ.

ಬದಲಾಗಲು ಕಾರಣಗಳೇನು?

ಬಹಳ ಜನ ಹೇಳುವ ಕಾರಣ ಕಸ. ಅಂಗಡಿಯ ಪ್ಯಾಡಿನಲ್ಲಿ ಮರದ ತಿರುಳಿನ ಜೊತೆಗೆ ಪಾಲಿಪ್ರೊಪಿಲೀನ್, ಪಾಲಿಥೀನ್ ಮತ್ತು ದ್ರವವನ್ನು ಹೀರಿ ಜೆಲ್ಲಿಯಾಗುವ ಪಾಲಿಮರ್ ಕಣಗಳು ಇರುತ್ತವೆ. ಮಣ್ಣಿಗೆ ಹಾಕಿದರೆ ಇವು ಕರಗವು, ಹಿತ್ತಲಲ್ಲಿ ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ, ಶೌಚಾಲಯಕ್ಕೆ ಹಾಕಿದರೆ ಕೊಳವೆಯೋ ಗುಂಡಿಯೋ ಕಟ್ಟಿಕೊಳ್ಳುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಪ್ಯಾಡನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು ಹೇಳಿದವು; ಬೆಂಗಳೂರಿನಲ್ಲಿ ಹಸಿಕಸಕ್ಕೆ ಹಸಿರು ಬುಟ್ಟಿ ಇರುವಂತೆ ಇಂಥ ಕಸಕ್ಕೆ ಕೆಂಪು ಬುಟ್ಟಿ ಇದೆ. ಆದರೂ ಒಣಕಸದ ಚೀಲದೊಳಗೆ ಸುತ್ತದ ಪ್ಯಾಡನ್ನು ತುರುಕುವವರು ಕಡಿಮೆಯಾಗಿಲ್ಲ, ಅದನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಪಾಡು ಬದಲಾಗಿಲ್ಲ. ತಿಂಗಳಿಗೆ 12 ಪ್ಯಾಡ್ ಎಂದು ಹಿಡಿದರೆ ಒಬ್ಬರಿಂದ ವರ್ಷಕ್ಕೆ 144 ಪ್ಯಾಡ್ ಹೀಗೆ ಹೊರಗೆ ಹೋಗುತ್ತದೆ.

ಹಣದ ಲೆಕ್ಕವನ್ನು ಮಾತ್ರ ಎಚ್ಚರದಿಂದ ಮಾಡಬೇಕು. ಒಂದು ಪ್ಯಾಡಿಗೆ 7 ರೂಪಾಯಿ ಎಂದರೆ ವರ್ಷಕ್ಕೆ ಸುಮಾರು 1,000 ರೂಪಾಯಿ ಆಗುತ್ತದೆ, ಅಷ್ಟರಲ್ಲಿ ಹಲವು ವರ್ಷ ಬಾಳುವ ಕಪ್ ಒಂದನ್ನು ಕೊಂಡೂ ಹಣ ಉಳಿಯುತ್ತದೆ. ಆದರೆ ಜನೌಷಧಿ ಕೇಂದ್ರಗಳಲ್ಲಿ 'ಸುವಿಧಾ' ಪ್ಯಾಡ್ 2019ರಿಂದ ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತಿದೆ, ನಮ್ಮ ರಾಜ್ಯದ 'ಶುಚಿ' ಯೋಜನೆಯಲ್ಲಿ ಕಿಶೋರಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ವ್ಯವಸ್ಥೆಯಿದೆ. ಅಂಥವನ್ನೇ ನೆಚ್ಚಿಕೊಂಡ ಹೆಣ್ಣುಮಗಳಿಗೆ 'ನಿನಗೆ ಹಣ ಉಳಿಯುತ್ತದೆ' ಎಂದು ಹೇಳುವುದು ಸರಿಯಾಗದು. ಅವಳಿಗೆ ತಿಂಗಳು ತಿಂಗಳು ಪೂರೈಕೆಗೆ ಕಾಯಬೇಕಿಲ್ಲ ಎಂಬುದು ಹಣಕ್ಕಿಂತ ದೊಡ್ಡ ಕಾರಣವಾಗಬಹುದು; ಪ್ಯಾಡಿನ ಪ್ಲಾಸ್ಟಿಕ್ ಅಂಚಿನಿಂದ ತೊಡೆಸಂದಿಯಲ್ಲಿ ಉರಿ, ಬೊಕ್ಕೆ ಏಳುವವರಿಗೆ ಚರ್ಮಕ್ಕೆ ಸಿಗುವ ನೆಮ್ಮದಿಯೇ ಮುಖ್ಯವಾಗಬಹುದು.

ಯಾರಿಗೆ ಯಾವುದು

ಬಿಸಿಲು ಬೀಳುವ ಅಂಗಳ, ಮಹಡಿ ಅಥವಾ ಬಾಲ್ಕನಿ ಇದ್ದು, ನೀರಿಗೆ ತೊಂದರೆಯಿಲ್ಲದಿದ್ದರೆ ಬಟ್ಟೆ ಪ್ಯಾಡ್ ಎಲ್ಲಕ್ಕಿಂತ ಸುಲಭವಾದ ಆರಂಭ. ಅದನ್ನು ಬಳಸಲು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ, ದೇಹದ ಒಳಗೆ ಏನನ್ನೂ ಇರಿಸಬೇಕಿಲ್ಲ, ಆಗಷ್ಟೇ ಮೈನೆರೆದ ಹುಡುಗಿಯಿಂದ ಹಿಡಿದು ಬಾಣಂತಿಯವರೆಗೆ ಎಲ್ಲರೂ ಧರಿಸಬಹುದು. ಕಪ್‌ನ ಗುಣ ಬೇರೆ. ಅದನ್ನು ಕಲಿಯಲು ತಾಳ್ಮೆ ಬೇಕು, ಕಲಿತ ಮೇಲೆ ನೀರು ಬಹಳ ಕಡಿಮೆ ಸಾಕು, ಒಣಹಾಕುವ ಪ್ರಶ್ನೆಯೇ ಇಲ್ಲ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾಲ್ವರು ಇರುವಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪಾಳಿಯ ನಡುವೆ ಎದ್ದುಹೋಗಲು ಕಷ್ಟವಿರುವಲ್ಲಿ, ಹೊಲದ ಕೆಲಸದಲ್ಲಿ, ಬಸ್ಸಿನ ದೂರ ಪ್ರಯಾಣದಲ್ಲಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರುಗಳಲ್ಲಿ ಕಪ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರೂ ಇಲ್ಲದ, ಮರೆಯೂ ಇಲ್ಲದ ಸ್ಥಿತಿಯಲ್ಲಿ, ಉದಾಹರಣೆಗೆ ಮುಟ್ಟಾದವರು ಇಂದಿಗೂ ಊರ ಹೊರಗೆ ಉಳಿಯಬೇಕಾದ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ, ಬಿಸಾಡುವ ಪ್ಯಾಡೇ ಸುರಕ್ಷಿತ. ಅಂಥವರ ಮೇಲೆ ಪರಿಸರದ ಹೊಣೆಯನ್ನು ಹೊರಿಸುವುದು ಅನ್ಯಾಯ.

ಪೀರಿಯಡ್ ಪ್ಯಾಂಟಿ ಎಂಬುದು ಹೀರುವ ಪದರಗಳನ್ನು ಒಳಗೇ ಹೊಲಿದ ಒಳಉಡುಪು. ಕಡಿಮೆ ಸ್ರಾವದ ದಿನಗಳಿಗೆ, ರಾತ್ರಿಗೆ, ಕಪ್‌ನ ಜೊತೆ ಬೆಂಬಲಕ್ಕೆ ಅದು ಅನುಕೂಲ. ಆದರೆ ಬೆಲೆ ಹೆಚ್ಚು, ದಪ್ಪವಾದ್ದರಿಂದ ಒಣಗುವುದು ನಿಧಾನ. ನೀರು ಜಾರುವಂತೆ ಮಾಡಲು ಕೆಲವು ತಯಾರಕರು ಬೇಗ ಕರಗದೆ ಉಳಿಯುವ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳನ್ನು ಬಳಸುತ್ತಾರೆಂಬ ದೂರಿನ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ನಡೆದದ್ದುಂಟು. ಕೊಳ್ಳುವಾಗ ಅಂಥ ರಾಸಾಯನಿಕ ಬಳಸಿಲ್ಲವೆಂಬ ಮಾತು ಲೇಬಲ್ಲಿನಲ್ಲಿ ಇದೆಯೇ ಎಂದು ನೋಡಿ. ಬಟ್ಟೆ ಪ್ಯಾಡ್ ಮತ್ತು ಪ್ಯಾಂಟಿ ಎರಡಕ್ಕೂ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಐಎಸ್ 17514 ಎಂಬ ಮಾನಕವನ್ನು ರೂಪಿಸಿದೆ, ಪೊಟ್ಟಣದ ಮೇಲೆ ಆ ಸಂಖ್ಯೆ ಇದ್ದರೆ ಒಳ್ಳೆಯದು.

ಬಟ್ಟೆ ಪ್ಯಾಡ್: ಆಯ್ಕೆ, ಧಾರಣೆ, ಒಗೆತ

ಒಳ್ಳೆಯ ಬಟ್ಟೆ ಪ್ಯಾಡಿನಲ್ಲಿ ಮೂರು ಭಾಗಗಳಿರುತ್ತವೆ. ಮೈಗೆ ತಾಗುವ ಮೇಲ್ಪದರ ಮೆತ್ತನೆಯ ಹತ್ತಿಯದಾಗಿರಬೇಕು. ನಡುವೆ ಹೀರುವ ಪದರಗಳು, ಸಾಮಾನ್ಯವಾಗಿ ಫ್ಲಾನೆಲ್ ಬಟ್ಟೆಯವು. ಕೆಳಗೆ ಸೋರದಂತೆ ತಡೆಯುವ ಪಿಯುಎಲ್ ಎಂಬ ತೆಳುವಾದ ಲೇಪದ ಬಟ್ಟೆ. ಎರಡು ರೆಕ್ಕೆಗಳನ್ನು ಒಳಉಡುಪಿನ ಅಡಿಗೆ ತಂದು ಟಿಚ್ ಬಟನ್ ಹಾಕಿದರೆ ಪ್ಯಾಡ್ ಜಾರುವುದಿಲ್ಲ. ಪುದುಚೇರಿ ಬಳಿಯ ಆರೋವಿಲ್‌ನ ಇಕೋಫೆಮ್‌ನಂಥ ಸಂಸ್ಥೆಗಳು ಇಂಥವನ್ನು ಬಹಳ ವರ್ಷಗಳಿಂದ ಹೊಲಿಸಿ ಮಾರುತ್ತಿವೆ. ಬಣ್ಣದ ವಿಷಯದಲ್ಲಿ ಬಹಳ ಮಂದಿ ಕಪ್ಪು, ಕಡುಗೆಂಪು ಬಣ್ಣವನ್ನು ಆರಿಸುತ್ತಾರೆ, ಕಲೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ಕೊಳೆ ಹೋಗಿದೆಯೋ ಇಲ್ಲವೋ ತಿಳಿಯಬೇಕಾದರೆ ಮೇಲ್ಪದರ ತಿಳಿಬಣ್ಣದ್ದಾಗಿರುವುದೇ ಮೇಲು. ಸ್ವಲ್ಪ ಕಲೆ ಉಳಿದರೆ ಅದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ.

ಮನೆಯಲ್ಲೇ ಹೊಲಿಯುವುದಾದರೆ ಹಳೆಯ, ಚೆನ್ನಾಗಿ ಮೆತ್ತಗಾದ ಹತ್ತಿ ಸೀರೆಯೋ ಪಂಚೆಯೋ ಸಾಕು. ಹಗಲಿಗೆ ಸುಮಾರು 25 ಸೆಂಟಿಮೀಟರ್, ರಾತ್ರಿಗೆ 30 ಸೆಂಟಿಮೀಟರ್ ಉದ್ದ ಬರುವಂತೆ ಕತ್ತರಿಸಿ, ಆರರಿಂದ ಎಂಟು ಪದರ ಕೂಡಿಸಿ. ಪಾಲಿಯೆಸ್ಟರ್ ಮಿಶ್ರಿತ ಸೀರೆ ಹೀರುವುದಿಲ್ಲ. ನನಗೆ ಮೆಚ್ಚುಗೆಯಾಗುವ ವಿಧಾನ ಇನ್ನೊಂದಿದೆ: ಎಲ್ಲ ಪದರಗಳನ್ನೂ ಒಟ್ಟಿಗೆ ಹೊಲಿಯದೆ, ರೆಕ್ಕೆಯಿರುವ ತೆಳುವಾದ ಒಂದು ಹೊರಚೀಲ ಮಾಡಿ, ಅದರೊಳಗೆ ಮಡಿಸಿಡುವ ಚೌಕದ ಬಟ್ಟೆಯನ್ನು ಬಿಡಿಯಾಗಿ ಇಟ್ಟುಕೊಳ್ಳುವುದು. ಒಗೆಯುವಾಗ ಬಟ್ಟೆಯನ್ನು ಪೂರ್ತಿ ಬಿಡಿಸಿ ಹರಡಬಹುದಾದ್ದರಿಂದ ಒಂದೇ ಪದರವಾಗಿ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಈ ವ್ಯತ್ಯಾಸದ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಒಟ್ಟು ಆರರಿಂದ ಎಂಟು ಪ್ಯಾಡ್ ಇದ್ದರೆ ಒಂದನ್ನು ಧರಿಸಿ, ಒಂದನ್ನು ಒಗೆದು, ಒಂದನ್ನು ಒಣಹಾಕಿ ತಿರುಗಿಸಿಕೊಳ್ಳಬಹುದು. ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ. ಎರಡನ್ನು ಮಾತ್ರ ತಂದು, ಮುಟ್ಟಿನ ಕೊನೆಯ ದಿನಗಳಲ್ಲಿ ಮನೆಯಲ್ಲಿರುವಾಗ ಧರಿಸಿ ನೋಡಿ. ಉದ್ದ, ದಪ್ಪ ನಿಮಗೆ ಒಗ್ಗಿದರೆ ಉಳಿದವನ್ನು ತನ್ನಿ. ಹೊಸ ಪ್ಯಾಡನ್ನು ಬಳಸುವ ಮೊದಲು ಎರಡು ಸಲ ಒಗೆದರೆ ಬಟ್ಟೆಯ ಗಂಜಿ ಹೋಗಿ ಹೀರುವ ಶಕ್ತಿ ಹೆಚ್ಚುತ್ತದೆ. ಧರಿಸಿದ ಮೇಲೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಸ್ರಾವ ಕಡಿಮೆಯಿದ್ದರೂ ಹಗಲಿಡೀ ಒಂದೇ ಪ್ಯಾಡಿನಲ್ಲಿ ಇರಬಾರದು. ಹೊರಗೆ ಹೋದಾಗ ಬದಲಿಸಿದ ಪ್ಯಾಡನ್ನು ಕೊಳೆಯ ಮಗ್ಗುಲು ಒಳಗೆ ಬರುವಂತೆ ಮಡಿಸಿ, ರೆಕ್ಕೆಯ ಗುಂಡಿ ಹಾಕಿ, ನೀರು ಸೋರದ ಚಿಕ್ಕ ಚೀಲದಲ್ಲಿ ಇಟ್ಟುಕೊಂಡು ಮನೆಗೆ ತರಬಹುದು. ಮನೆಗೆ ಬಂದೊಡನೆ ತೆಗೆದು ನೆನೆಹಾಕಬೇಕು, ಚೀಲದಲ್ಲೇ ರಾತ್ರಿ ಕಳೆಯಲು ಬಿಡಬಾರದು.

ಒಗೆಯುವುದರಲ್ಲಿ ನೆನಪಿಡಬೇಕಾದದ್ದು ಒಂದೇ: ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಎಳೆಯೊಳಗೆ ಕಚ್ಚಿಕೊಳ್ಳುತ್ತದೆ, ಆ ಕಲೆ ಮತ್ತೆ ಬಿಡುವುದಿಲ್ಲ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ ನೀರು ಚೆಲ್ಲಿ, ಸಾಧಾರಣ ಬಟ್ಟೆಸೋಪು ಹಚ್ಚಿ ಉಜ್ಜಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಒಂದೇ ನೀರಿನಲ್ಲಿ ಇಡೀ ದಿನ ನೆನೆಯಲು ಬಿಟ್ಟರೆ ವಾಸನೆ ಹಿಡಿಯುತ್ತದೆ. ಬ್ಲೀಚ್, ಸುವಾಸನೆಯ ದ್ರವ, ಬಟ್ಟೆ ಮೆದುಗೊಳಿಸುವ ಕಂಡಿಷನರ್ ಯಾವುದೂ ಬೇಡ. ಕಂಡಿಷನರ್ ಎಳೆಗಳಿಗೆ ಲೇಪದಂತೆ ಅಂಟಿ ಹೀರುವಿಕೆಯನ್ನು ಕೆಡಿಸುತ್ತದೆ, ಘಾಟಿನ ಸೋಂಕುನಿವಾರಕಗಳು ಬಟ್ಟೆಯಲ್ಲಿ ಉಳಿದು ಮೃದುಚರ್ಮವನ್ನು ಸುಡುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನ ಅಂಶ ಎಳೆಯಲ್ಲಿ ಉಳಿದು ಬಟ್ಟೆ ಬಿರುಸಾಗುತ್ತದೆ. ಸೋಪನ್ನು ಕಡಿಮೆ ಮಾಡಿ ಇನ್ನೊಂದು ಸಲ ಹೆಚ್ಚಾಗಿ ಜಾಲಿಸುವುದೇ ಅದಕ್ಕೆ ಉಪಾಯ. ತಿಂಗಳ ಕೊನೆಯಲ್ಲಿ ಪೂರ್ತಿ ಹತ್ತಿಯ ಬಟ್ಟೆಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಬಹುದು, ಪಿಯುಎಲ್ ಇರುವ ಪ್ಯಾಡನ್ನು ಮಾತ್ರ ಕುದಿಸಬಾರದು.

ಒಣಗಿಸುವುದಕ್ಕೆ ನೇರ ಬಿಸಿಲಿಗಿಂತ ಒಳ್ಳೆಯದಿಲ್ಲ. ನಾಲ್ಕು ಜನ ಓಡಾಡುವ ಮಹಡಿಯ ಮೇಲೆ ಒಣಹಾಕಲು ಮನಸ್ಸು ಒಪ್ಪದಿದ್ದರೆ ತೆಳುವಾದ ಒಂದು ಪದರ ಹತ್ತಿ ಟವೆಲನ್ನು ಮೇಲೆ ಹೊದಿಸಿ, ಗಾಳಿಯೂ ಕಾವೂ ದಾಟುತ್ತವೆ. ದಪ್ಪ ಸೀರೆಯ ಮಡಿಕೆಯೊಳಗೆ ಮುಚ್ಚಬೇಡಿ. ಮುಂದೆ ಎಂದಾದರೂ ಆ ಟವೆಲೂ ಬೇಡವೆನಿಸಿದರೆ ಇನ್ನೂ ಒಳ್ಳೆಯದು. ಮಲೆನಾಡು, ಕರಾವಳಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ. ಆಗ ಬಚ್ಚಲೊಲೆಯ ಕಾವು ತಾಗುವಲ್ಲಿ, ಆದರೆ ಹೊಗೆ ತಾಗದಷ್ಟು ದೂರದಲ್ಲಿ ಹಗ್ಗ ಕಟ್ಟಬಹುದು, ಇಲ್ಲವೇ ಫ್ಯಾನಿನ ಕೆಳಗೆ ಹರಡಿ, ಕೊನೆಗೆ ಹತ್ತಿಯ ಮಗ್ಗುಲಿಗೆ ಇಸ್ತ್ರಿ ಹಾಕಬಹುದು. ಮುಟ್ಟಿ ನೋಡಿದಾಗ ನಡುವಿನ ಪದರ ತಣ್ಣಗಿದ್ದರೆ ಅದು ಒಣಗಿಲ್ಲ ಎಂದೇ ಅರ್ಥ. ಆ ತಿಂಗಳುಗಳಲ್ಲಿ ಹೀಗೆ ಒಣಗಿಸಲು ಆಗದವರು ಕಪ್ ಅಥವಾ ಬಿಸಾಡುವ ಪ್ಯಾಡನ್ನು ಬಳಸಿ ಮತ್ತೆ ಅಕ್ಟೋಬರಿನಲ್ಲಿ ಬಟ್ಟೆಗೆ ಮರಳಿದರೆ ಏನೂ ತಪ್ಪಿಲ್ಲ.

ಹೀಗೆ ನೋಡಿಕೊಂಡ ಪ್ಯಾಡು ಮೂರರಿಂದ ಐದು ವರ್ಷ ಬಾಳುತ್ತದೆ. ಒಗೆದು ಒಣಗಿಸಿದ ಮೇಲೂ ವಾಸನೆ ಉಳಿದರೆ, ಕಪ್ಪು ಚುಕ್ಕಿಯ ಬೂಷ್ಟು ಕಂಡರೆ, ಎಳೆ ಸವೆದು ಸೋರತೊಡಗಿದರೆ ಅದನ್ನು ಕೂಡಲೇ ತೆಗೆದುಹಾಕಿ. ಅಕ್ಕತಂಗಿಯರಾದರೂ ಒಬ್ಬರ ಪ್ಯಾಡನ್ನು ಇನ್ನೊಬ್ಬರು ಬಳಸಬಾರದು.

ಮುಟ್ಟಿನ ಕಪ್

ಕಪ್ ಎಂದರೆ ಗಂಟೆಯ ಆಕಾರದ, ಮೆತ್ತನೆಯ, ಸಾಮಾನ್ಯವಾಗಿ ವೈದ್ಯಕೀಯ ದರ್ಜೆಯ ಸಿಲಿಕೋನಿನಿಂದ ಮಾಡಿದ ಚಿಕ್ಕ ಬಟ್ಟಲು. ಇದು ನಿನ್ನೆ ಮೊನ್ನೆ ಬಂದದ್ದಲ್ಲ; ಅಮೆರಿಕದ ಲಿಯೋನಾ ಚಾಮರ್ಸ್ ಎಂಬ ನಟಿ 1937ರಲ್ಲೇ ರಬ್ಬರಿನ ಕಪ್‌ಗೆ ಪೇಟೆಂಟ್ ಪಡೆದಿದ್ದರು. ನಮ್ಮ ನೆರೆಯ ಕೇರಳದ ಆಲಪ್ಪುಳದಲ್ಲಿ 2019ರಲ್ಲಿ 'ತಿಂಗಳ್' ಹೆಸರಿನ ಯೋಜನೆಯಡಿ 5,000 ಕಪ್‌ಗಳನ್ನು ಹಂಚಲಾಯಿತು, 2022ರ ಜನವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ದೇಶದ ಮೊದಲ ಪ್ಯಾಡ್‌ಮುಕ್ತ ಪಂಚಾಯಿತಿ ಎಂದು ಘೋಷಿತವಾಯಿತು. ಕರ್ನಾಟಕ ಸರ್ಕಾರವೂ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಾಯೋಗಿಕವಾಗಿ 'ಮೈತ್ರಿ' ಕಪ್‌ಗಳನ್ನು ನೀಡಿತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯು ಪ್ರಕಟಿಸಿದ, 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯಲ್ಲಿ ಕಪ್ ಸುರಕ್ಷಿತವೆಂದೂ, ಸೋರುವಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆಯೆಂದೂ, ಬಳಸಿ ನೋಡಿದವರಲ್ಲಿ ಸುಮಾರು 70% ಮಂದಿ ಮುಂದುವರಿಸಲು ಬಯಸಿದರೆಂದೂ ಕಂಡುಬಂದಿದೆ.

ಅಳತೆಯನ್ನು ವಯಸ್ಸಿನಿಂದ ಮಾತ್ರ ನಿರ್ಧರಿಸಬೇಡಿ. ಸಹಜ ಹೆರಿಗೆಯಾಗದವರಿಗೆ ಚಿಕ್ಕದು, ಆದವರಿಗೆ ದೊಡ್ಡದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅದು ಸ್ಥೂಲವಾದ ಸೂಚನೆ. ಗರ್ಭಕೊರಳು, ಅಂದರೆ ಗರ್ಭಕೋಶದ ಬಾಯಿ, ಎಷ್ಟು ಕೆಳಗಿದೆ ಎಂಬುದು ಅದಕ್ಕಿಂತ ಮುಖ್ಯ. ಮುಟ್ಟಿನ ದಿನದಲ್ಲಿ ಕೈ ತೊಳೆದು ತೋರುಬೆರಳನ್ನು ಯೋನಿಯೊಳಗೆ ನಿಧಾನವಾಗಿ ಸರಿಸಿದರೆ ಮೂಗಿನ ತುದಿಯಷ್ಟು ಗಟ್ಟಿಯಾದ ದುಂಡನೆಯ ಭಾಗ ತಾಗುತ್ತದೆ, ಅದೇ ಗರ್ಭಕೊರಳು. ಬೆರಳಿನ ಮೊದಲ ಗೆಣ್ಣಿಗೇ ತಾಗಿದರೆ ಗಿಡ್ಡನೆಯ ಕಪ್ ಬೇಕು, ಪೂರ್ತಿ ಬೆರಳು ಹೋದ ಮೇಲೆ ತಾಗಿದರೆ ಉದ್ದನೆಯದು ಸರಿಹೋಗುತ್ತದೆ. ಬೆಲೆ ಸಾಮಾನ್ಯವಾಗಿ 300ರಿಂದ 700 ರೂಪಾಯಿಯ ಒಳಗೆ ಇರುತ್ತದೆ. ತಯಾರಕರ ಹೆಸರು, ವಿಳಾಸ, ಬಳಸಿದ ವಸ್ತುವಿನ ವಿವರ ಇಲ್ಲದ ತೀರಾ ಅಗ್ಗದ ಕಪ್ ಕೊಳ್ಳಬೇಡಿ.

ಮೊದಲ ಬಳಕೆಗೆ ಮುನ್ನ ಕಪ್‌ ಅನ್ನು ತೊಳೆದು, ಅದು ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ನೀರು ಆರಿಹೋಗಿ ತಳಕ್ಕೆ ಹತ್ತಿದರೆ ಸಿಲಿಕೋನ್ ಸುಟ್ಟುಹೋಗುತ್ತದೆ, ಆದ್ದರಿಂದ ಒಲೆಯ ಬಳಿಯೇ ಇರಿ. ಅಡುಗೆಯ ಪಾತ್ರೆಯಲ್ಲಿ ಕುದಿಸಲು ಮನೆಯಲ್ಲಿ ಆಕ್ಷೇಪವಿದ್ದರೆ ಇದಕ್ಕೆಂದೇ ಒಂದು ಚಿಕ್ಕ ಸ್ಟೀಲ್ ಪಾತ್ರೆ ಇಟ್ಟುಕೊಳ್ಳುವುದರಿಂದ ವಾದ ತಪ್ಪುತ್ತದೆ. ಒಲೆಯಿಲ್ಲದ ಹಾಸ್ಟೆಲಿನಲ್ಲಿ ಕಪ್‌ ಅನ್ನು ಮೊದಲು ತಣ್ಣೀರು, ಸೋಪಿನಿಂದ ತೊಳೆದು, ಕೆಟಲಿನಲ್ಲಿ ಕುದಿಸಿದ ನೀರನ್ನು ದಪ್ಪ ಮಗ್ಗಿಗೆ ಸುರಿದು, ಅದರಲ್ಲಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ ಐದು ನಿಮಿಷ ಬಿಡಬಹುದು. ಪ್ರತಿ ಮುಟ್ಟಿನ ಆರಂಭಕ್ಕೂ ಕೊನೆಗೂ ಹೀಗೆ ಮಾಡಿದರೆ ಸಾಕು, ನಡುವೆ ತೊಳೆದರೆ ಆಯಿತು. ಗಡಸು ನೀರಿನಿಂದ ಬಿಳಿಯ ಪೊರೆ ಕಟ್ಟಿದರೆ ನಿಂಬೆರಸ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ, ಚೆನ್ನಾಗಿ ತೊಳೆದು ಮತ್ತೆ ಕುದಿಸಿ.

ಒಳಗೆ ಇರಿಸಿಕೊಳ್ಳುವುದನ್ನು ರಜೆಯ ದಿನ, ಮನೆಯಲ್ಲಿರುವಾಗ ಕಲಿಯಬೇಕು. ಸ್ರಾವವಿರುವ ದಿನವೇ ಒಳ್ಳೆಯದು, ಆಗ ಒಳಭಾಗ ತೇವವಾಗಿದ್ದು ಸುಲಭವಾಗಿ ಜಾರುತ್ತದೆ. ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆದು, ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ. ಹೀಗೆ ಕುಳಿತು ರೂಢಿಯಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಅನುಕೂಲದ ಭಂಗಿ. ಕಪ್‌ನ ಬಾಯನ್ನು ಚಪ್ಪಟೆಯಾಗಿ ಒತ್ತಿ ಮತ್ತೆ ಅರ್ಧಕ್ಕೆ ಮಡಿಸುವುದು ಒಂದು ಕ್ರಮ. ಬಾಯಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ ಮೊಗ್ಗಿನಂತೆ ಚೂಪು ಮಾಡುವುದು ಇನ್ನೊಂದು, ಹೊಸಬರಿಗೆ ಎರಡನೆಯದೇ ಸುಲಭ. ಅಂಚಿಗೆ ಸ್ವಲ್ಪ ನೀರು ಹಚ್ಚಿ, ಉಸಿರನ್ನು ಸಡಿಲ ಬಿಟ್ಟು, ನೇರ ಮೇಲಕ್ಕಲ್ಲದೆ ಬೆನ್ನಿನ ಕೆಳತುದಿಯ ಕಡೆಗೆ ಓರೆಯಾಗಿ ಸರಿಸಿ. ಒಳಗೆ ಹೋದ ಮೇಲೆ ಬೆರಳು ಬಿಟ್ಟರೆ ಅದು ಅರಳಿಕೊಳ್ಳುತ್ತದೆ. ಬುಡದ ಸುತ್ತ ಬೆರಳಾಡಿಸಿ ನೋಡಿ: ಎಲ್ಲ ಕಡೆ ದುಂಡಗಿದ್ದರೆ ಸರಿ, ಎಲ್ಲಾದರೂ ಮಡಿಕೆ ಉಳಿದಿದ್ದರೆ ಬುಡ ಹಿಡಿದು ಸ್ವಲ್ಪ ತಿರುಗಿಸಿ. ಸರಿಯಾಗಿ ಕುಳಿತ ಕಪ್ ಇರುವುದೇ ತಿಳಿಯುವುದಿಲ್ಲ. ಕಪ್‌ನ ಬುಡದಲ್ಲಿರುವ ತೊಟ್ಟು ಚುಚ್ಚಿದರೆ ಕಪ್‌ ಅನ್ನು ಹೊರತೆಗೆದು ತೊಟ್ಟನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಎರಡು ಮೂರು ಪ್ರಯತ್ನದಲ್ಲಿ ಆಗದಿದ್ದರೆ ಅಂದಿಗೆ ಬಿಡಿ, ಮೈ ಬಿಗಿಹಿಡಿದಾಗ ಬಲವಂತ ಮಾಡಿದರೆ ನೋವೇ ಹೆಚ್ಚುತ್ತದೆ.

ಹೊರತೆಗೆಯುವಾಗ ಹೆದರುವವರೇ ಹೆಚ್ಚು. ಕಪ್ ಹೊಟ್ಟೆಯೊಳಗೆ ಹೋಗಿ ಕಳೆದುಹೋಗಲು ಸಾಧ್ಯವಿಲ್ಲ; ಯೋನಿಯ ಮೇಲುತುದಿಯನ್ನು ಗರ್ಭಕೊರಳು ಮುಚ್ಚಿರುತ್ತದೆ, ಅದರ ಸಣ್ಣ ರಂಧ್ರದಲ್ಲಿ ಕಪ್ ತೂರುವುದಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಮೆಲ್ಲಗೆ ತಿಣುಕಿದರೆ ಕಪ್ ಕೆಳಗಿಳಿಯುತ್ತದೆ. ಆಗ ತೊಟ್ಟನ್ನು ಹಿಡಿದು ಎಳೆಯದೆ, ಬುಡವನ್ನು ಎರಡು ಬೆರಳಿನಿಂದ ಒತ್ತಿ ಒಳಗಿನ ಹಿಡಿತ ಬಿಡುವಂತೆ ಮಾಡಿ, ಅತ್ತಿತ್ತ ಅಲುಗಿಸುತ್ತ ಇಳಿಸಬೇಕು. ಬೆರಳಿಗೆ ಸಿಗದಿದ್ದರೆ ಅರ್ಧ ಗಂಟೆ ಓಡಾಡಿ ಬಂದು ಮತ್ತೆ ನೋಡಿ. ರಕ್ತವನ್ನು ಶೌಚಾಲಯಕ್ಕೆ ಚೆಲ್ಲಿ, ಕಪ್‌ ಅನ್ನು ತಣ್ಣೀರಿನಲ್ಲಿ ತೊಳೆದು, ವಾಸನೆಯಿಲ್ಲದ ಸೌಮ್ಯ ಸೋಪು ಹಚ್ಚಿ, ಸೋಪು ಪೂರ್ತಿ ಹೋಗುವಂತೆ ಜಾಲಿಸಿ ಮತ್ತೆ ಇರಿಸಿಕೊಳ್ಳಬಹುದು. ಹೊರಗಿನ ಶೌಚಾಲಯದಲ್ಲಿ ಕುಡಿಯುವ ನೀರಿನ ಬಾಟಲಿಯೇ ಸಾಕು.

ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್ ಮಾತ್ರ, ಕಪ್‌ಗಳು 15ರಿಂದ 30 ಮಿಲಿಲೀಟರ್ ಹಿಡಿಯುತ್ತವೆ. ಆದ್ದರಿಂದ ಹೆಚ್ಚಿನವರಿಗೆ ದಿನಕ್ಕೆ ಎರಡು ಮೂರು ಸಲ ಖಾಲಿ ಮಾಡಿದರೆ ಸಾಕಾಗುತ್ತದೆ. ಕಪ್ ತುಂಬದಿದ್ದರೂ 12 ಗಂಟೆಗಿಂತ ಹೆಚ್ಚು ಒಳಗೆ ಬಿಡಬಾರದು. ಪೊಟ್ಟಣದ ಮೇಲೆ ಎಂಟು ಗಂಟೆ ಎಂದಿದ್ದರೆ ಎಂಟೇ. ಕಪ್‌ನ ಇನ್ನೊಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಅದರ ಮೇಲಿನ ಗೆರೆಗಳಿಂದ ಎಷ್ಟು ರಕ್ತ ಹೋಗುತ್ತಿದೆ ಎಂದು ಅಳೆಯಬಹುದು. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್ ಮೀರಿದರೆ ಅದು ಅತಿಸ್ರಾವ, ವೈದ್ಯರಿಗೆ ತೋರಿಸಬೇಕು. ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆಯಿದೆಯೆಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 'ಬಹಳ ಹೋಗುತ್ತದೆ' ಎಂಬ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ, ಬರೆದಿಟ್ಟ ಅಳತೆಯನ್ನು ವೈದ್ಯರ ಮುಂದೆ ಇಟ್ಟರೆ ಪರೀಕ್ಷೆ ಬೇಗ ಶುರುವಾಗುತ್ತದೆ.

ಕಪ್ ಬೇಡವಾದ ಸಂದರ್ಭಗಳಿವೆ. ಹೆರಿಗೆ ಅಥವಾ ಗರ್ಭಪಾತದ ನಂತರದ ಆರು ವಾರ ಬಳಸಬಾರದು, ಆಮೇಲೂ ವೈದ್ಯರನ್ನು ಕೇಳಿ ಆರಂಭಿಸಬೇಕು. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡವರಲ್ಲಿ ಕಪ್ ಎಳೆಯುವಾಗ ವಂಕಿ ಸರಿಯುವ ಅಪಾಯವಿದೆ. ಹಾಕಿದ ವೈದ್ಯರೊಡನೆ ಮಾತಾಡದೆ ಕಪ್ ಬಳಸಬೇಡಿ. ಯೋನಿಯಲ್ಲಿ ಸೋಂಕಿದ್ದಾಗ, ಗರ್ಭಕೋಶ ಜಾರಿದ್ದಾಗ ಬಟ್ಟೆಯೇ ಸರಿ. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಪ್ರಾಣಕ್ಕೆ ಎರವಾಗಬಲ್ಲ ಬ್ಯಾಕ್ಟೀರಿಯಾ ಕಾಯಿಲೆ ಕಪ್ ಬಳಸಿದ ಕೆಲವೇ ಕೆಲವರಲ್ಲಿ ವರದಿಯಾಗಿದೆ. ಕಪ್ ಒಳಗಿರುವಾಗ ಇದ್ದಕ್ಕಿದ್ದಂತೆ ವಿಪರೀತ ಜ್ವರ, ವಾಂತಿ, ಭೇದಿ, ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು, ತಲೆಸುತ್ತು ಕಾಣಿಸಿದರೆ ಕೂಡಲೇ ಕಪ್ ತೆಗೆದು ಆಸ್ಪತ್ರೆಗೆ ಹೋಗಿ, ಕಪ್ ಬಳಸುತ್ತಿದ್ದೆನೆಂದು ವೈದ್ಯರಿಗೆ ತಪ್ಪದೆ ಹೇಳಿ.

ಮದುವೆಯಾಗದ ಹುಡುಗಿಯರು ಬಳಸಬಹುದೇ ಎಂಬ ಪ್ರಶ್ನೆಗೆ ವೈದ್ಯಕೀಯ ಉತ್ತರ ನೇರವಾಗಿದೆ: ಬಳಸಬಹುದು. ಕನ್ಯಾಪೊರೆ ಹಿಗ್ಗುವ ಅಂಗಾಂಶ, ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಕಪ್‌ನಿಂದ ಅದು ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು, ಅದಕ್ಕೂ ಹುಡುಗಿಯ ನಡತೆಗೂ ಯಾವ ಸಂಬಂಧವೂ ಇಲ್ಲ. ಆದರೂ ಹದಿಹರೆಯದ ಮಗಳ ಕೈಗೆ ಕಪ್ ಕೊಟ್ಟು ಬಳಸೆಂದು ಒತ್ತಾಯಿಸುವುದು ಸರಿಯಲ್ಲ. ಅವಳಿಗೆ ತನ್ನ ದೇಹದ ರಚನೆಯ ಚಿತ್ರವನ್ನು ತೋರಿಸಿ ವಿವರಿಸಿ, ಬಟ್ಟೆ ಪ್ಯಾಡಿನಿಂದ ಆರಂಭಿಸಿ. ಕಪ್‌ ಅನ್ನು ಅವಳಾಗಿಯೇ ಕೇಳುವ ದಿನಕ್ಕೆ ಬಿಡಿ. ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಕ್ಕನ ಬಳಿ ಕೇಳಿದರೆ ಅನುಮಾನಗಳು ಬಗೆಹರಿಯುತ್ತವೆ.

ಮೊದಲ ಮೂರು ತಿಂಗಳು

ಹಳೆಯದನ್ನು ಒಂದೇ ದಿನದಲ್ಲಿ ಬಿಡಬೇಕಿಲ್ಲ. ಮೊದಲ ತಿಂಗಳು ಮನೆಯಲ್ಲಿರುವ ಹೊತ್ತಿಗೆ ಮಾತ್ರ ಬಟ್ಟೆಯನ್ನೋ ಕಪ್‌ ಅನ್ನೋ ಬಳಸಿ, ಹೊರಗೆ ಹೋಗುವಾಗ ರೂಢಿಯ ಪ್ಯಾಡನ್ನೇ ಧರಿಸಿ. ಎರಡನೆಯ ತಿಂಗಳು ಹೊರಗೂ ಕಪ್ ಇರಿಸಿಕೊಂಡು, ಸೋರಿದರೆ ಇರಲಿ ಎಂದು ತೆಳುವಾದ ಬಟ್ಟೆ ಪ್ಯಾಡನ್ನು ಜೊತೆಗೆ ಹಾಕಿ. ಮೂರನೆಯ ತಿಂಗಳ ಹೊತ್ತಿಗೆ ಹೆಚ್ಚಿನವರಿಗೆ ಕೈ ಪಳಗಿರುತ್ತದೆ. ಆಗಲೂ ನೋವು, ಸೋರಿಕೆ ಮುಂದುವರಿದರೆ ಬೇರೆ ಅಳತೆ ಅಥವಾ ಇನ್ನೂ ಮೆದುವಾದ ಕಪ್ ನೋಡಿ, ಇಲ್ಲವೇ ಬಟ್ಟೆಯಲ್ಲೇ ಉಳಿಯಿರಿ.

ಮನೆಯವರೊಡನೆ ಮೊದಲೇ ಮಾತಾಡುವುದು ಒಳ್ಳೆಯದು. ಬಚ್ಚಲಲ್ಲಿ ಒಂದು ಮುಚ್ಚಳದ ಬಕೆಟ್, ಒಣಹಾಕಲು ಒಂದು ಹಗ್ಗ, ಕಪ್ ಕುದಿಸಲು ಒಂದು ಪಾತ್ರೆ ಇವು ನನ್ನವು ಎಂದು ಅತ್ತೆಗೋ ಅಮ್ಮನಿಗೋ ಹೇಳಿಟ್ಟರೆ ಆಮೇಲಿನ ಮುಜುಗರ ತಪ್ಪುತ್ತದೆ. ಮನೆಯ ಗಂಡಸರಿಗೂ ಇದು ತಿಳಿದಿರಲಿ. ಹಗ್ಗದ ಮೇಲಿನ ಪ್ಯಾಡನ್ನು ಕಂಡು ಮುಖ ತಿರುಗಿಸದ ಅಪ್ಪ, ಅಣ್ಣ, ಗಂಡ ಇರುವ ಮನೆಯಲ್ಲಿ ಬಟ್ಟೆ ಚೆನ್ನಾಗಿ ಒಣಗುತ್ತದೆ.

ಮುಟ್ಟು ಮುಗಿದ ಮೇಲೆ ಒಣಗಿದ ಪ್ಯಾಡುಗಳನ್ನು ಹತ್ತಿಯ ಚೀಲದಲ್ಲಿ, ಕಪ್‌ ಅನ್ನು ಅದರೊಡನೆ ಬರುವ ಬಟ್ಟೆಯ ಸಂಚಿಯಲ್ಲಿ ಗಾಳಿಯಾಡುವಂತೆ ಇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಬೇಡಿ. ಚೆನ್ನಾಗಿ ನೋಡಿಕೊಂಡ ಸಿಲಿಕೋನ್ ಕಪ್ ಐದರಿಂದ ಹತ್ತು ವರ್ಷ ಬಾಳುತ್ತದೆ. ಬಣ್ಣ ಮಾಸಿದರೆ ಚಿಂತೆಯಿಲ್ಲ, ಬಿರುಕು, ಅಂಟು, ಪುಡಿಯಂಥ ಪದರ ಕಂಡರೆ ಬದಲಿಸಿ. ಮನೆಯಲ್ಲಿ ಉಳಿದ ಬಿಸಾಡುವ ಪ್ಯಾಡುಗಳನ್ನು ಎಸೆಯಬೇಡಿ. ಆಸ್ಪತ್ರೆಗೆ ಸೇರಬೇಕಾದಾಗ, ನೀರಿಲ್ಲದ ಊರಿಗೆ ಪ್ರಯಾಣ ಬಂದಾಗ, ಮನೆಗೆ ಬಂದ ನೆಂಟರ ಹುಡುಗಿಗೆ ಹಠಾತ್ತಾಗಿ ಬೇಕಾದಾಗ ಅವು ಉಪಯೋಗಕ್ಕೆ ಬರುತ್ತವೆ. ಬಳಸಿದ ಮೇಲೆ ಕಾಗದದಲ್ಲಿ ಸುತ್ತಿ, ಗುರುತು ಮಾಡಿ, ಪ್ರತ್ಯೇಕವಾಗಿ ಕಸದವರ ಕೈಗೆ ಕೊಡಿ.